‘ಅಮರ್ಯಾದಿತ ಥಾಳಿ’ಯಿಂದ ಬ್ರೆಜಿಲ್ ಸಲಾಕಿಯವರೆಗೆ: ಒಮ್ಮೆ ದುಡ್ಡು, ಹೊಟ್ಟೆ ತುಂಬ ಊಟದ ಲೆಕ್ಕ

ಮುರುಮ: ಉಮರಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಿಂದ ಪುಣೆ, ಹೈದರಾಬಾದ್, ಬೆಂಗಳೂರಿಗೆ ನೌಕರಿಗೆ ಹೋದ ಹುಡುಗರು ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದಾಗ ಹೇಳುವ ಸುದ್ದಿಗಳಲ್ಲಿ ಒಂದು ಹೋಟೆಲಿನ ಸುದ್ದಿಯೂ ಇರುತ್ತದೆ. ಕಂಪನಿಯವರು ಪಾರ್ಟಿಗೆ ಕರೆದುಕೊಂಡು ಹೋಗಿದ್ದರು, ಟೇಬಲ್ ಮೇಲೆಯೇ ಕೆಂಡ ಇಟ್ಟಿದ್ದರು, ಸಲಾಕಿಯಲ್ಲಿ ಚುಚ್ಚಿದ ಮಾಂಸ ತಂದು ತಂದು ಹಾಕಿದರು, ಬೇಡ ಅನ್ನುವವರೆಗೂ ನಿಲ್ಲಿಸಲಿಲ್ಲ, ದುಡ್ಡು ಮಾತ್ರ ತಲೆಗೆ ಇಷ್ಟು ಎಂದು ಒಂದೇ ಸಲ. ಇದನ್ನು ಕೇಳಿದ ಹಿರಿಯರು ಕೇಳುವ ಪ್ರಶ್ನೆಯೂ ಒಂದೇ: ‘ಹಂಗ ತಿಂದ್ರ ಮಾಲಕಗ ಏನ್ ಉಳೀತದ?’

ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ದಾರಿ ಬ್ರೆಜಿಲ್ ದೇಶದವರೆಗೆ ಹೋಗುತ್ತದೆ. ಅಲ್ಲಿಂದ ತಿರುಗಿ ಬರುವಾಗ ದೇವಣಿ ದನದ ಕೊಟ್ಟಿಗೆಯ ಮುಂದೆಯೇ ಬಂದು ನಿಲ್ಲುತ್ತದೆ.

ಅಂದ ಹಾಗೆ, ಹೊಟ್ಟೆ ತುಂಬ ಊಟ ಎನ್ನುವುದು ಗಡಿ ಭಾಗಕ್ಕೆ ಹೊಸದಲ್ಲ. ಸೊಲ್ಲಾಪುರ, ಲಾತೂರಿನ ಖಾನಾವಳಿಗಳ ಬೋರ್ಡಿನ ಮೇಲೆ ಮರಾಠಿಯಲ್ಲಿ ‘ಅಮರ್ಯಾದಿತ ಥಾಳಿ’ ಎಂದು ಬರೆದಿರುತ್ತಾರೆ. ಮಿತಿ ಇಲ್ಲದ ಊಟ ಎಂದು ಅದರ ಅರ್ಥ. ಆದರೆ ಕನ್ನಡ ಕಿವಿಗೆ ಅದು ‘ಅಮರ್ಯಾದೆಯ ಥಾಳಿ’ ಎಂದು ಕೇಳಿಸಿ ನಗು ಬರುತ್ತದೆ. ಊರೂರಿನ ಸಹಕಾರಿ ಪತಸಂಸ್ಥೆಗಳೆಲ್ಲ ತಮ್ಮ ಹೆಸರಿನ ಕೊನೆಗೆ ‘ಮರ್ಯಾದಿತ’ ಎಂದು ಹಚ್ಚಿಕೊಂಡಿರುವುದರಿಂದ, ಮರ್ಯಾದೆ ಸೊಸೈಟಿಗೆ, ಅಮರ್ಯಾದೆ ಹೋಟೆಲಿಗೆ ಎಂದು ಎರಡೂ ಭಾಷೆ ಬಲ್ಲವರು ಚೇಷ್ಟೆ ಮಾಡುವುದುಂಟು.

ಬ್ರೆಜಿಲ್‌ನಲ್ಲಿ ಇದು ಹೇಗೆ ಹುಟ್ಟಿತು?

ಬ್ರೆಜಿಲ್ ದಕ್ಷಿಣ ಅಮೆರಿಕದ ದೊಡ್ಡ ದೇಶ. ಭಾಷೆ ಪೋರ್ಚುಗೀಸ್. ಅದರ ದಕ್ಷಿಣ ತುದಿಯಲ್ಲಿ ರಿಯೋ ಗ್ರಾಂಡೆ ದೊ ಸುಲ್ ಎಂಬ ರಾಜ್ಯವಿದೆ. ಅದು ಕಣ್ಣು ಹರಿಯುವಷ್ಟು ಹುಲ್ಲುಗಾವಲಿನ ನಾಡು. ಅಲ್ಲಿ ಕುದುರೆ ಏರಿ ದನ ಕಾಯುವವರಿಗೆ ಗಾವುಚೊ ಎನ್ನುತ್ತಾರೆ. ದಿನಗಟ್ಟಲೆ ಮಂದೆಯ ಹಿಂದೆ ತಿರುಗುವ ಇವರಿಗೆ ಅಡಿಗೆ ಮನೆ ಎಲ್ಲಿಂದ ಬರಬೇಕು? ನೆಲದಲ್ಲಿ ತಗ್ಗು ತೋಡಿ ಬೆಂಕಿ ಹಾಕಿ, ಮಾಂಸದ ದೊಡ್ಡ ತುಂಡುಗಳನ್ನು ಕಟ್ಟಿಗೆಯ ಕೋಲಿಗೆ ಚುಚ್ಚಿ, ಬೆಂಕಿಯ ಸುತ್ತ ನೆಲಕ್ಕೆ ಊರಿ ಸುಡುತ್ತಿದ್ದರು. ಮಸಾಲೆ ಎಂದರೆ ದಪ್ಪ ಕಲ್ಲುಪ್ಪು ಅಷ್ಟೇ. ಈ ಸುಟ್ಟ ಮಾಂಸಕ್ಕೆ ಚುರಾಸ್ಕೊ ಎಂದೂ ಅದನ್ನು ಮಾರುವ ಹೋಟೆಲಿಗೆ ಚುರಾಸ್ಕಾರಿಯಾ ಎಂದೂ ಹೆಸರು. ಕಾಗದದ ಮೇಲಿನ ಉಚ್ಚಾರ ಇದು. ಬ್ರೆಜಿಲ್‌ನವರ ಬಾಯಲ್ಲಿ ಅದು ‘ಶುಹಾಸ್ಕು’ ಎಂದು ಬರುತ್ತದೆ.

ಇಷ್ಟೇ ಆಗಿದ್ದರೆ ಅದು ಒಂದು ಬಗೆಯ ಅಡಿಗೆಯಾಗಿ ಉಳಿಯುತ್ತಿತ್ತು. ಬಡಿಸುವ ಪದ್ಧತಿ ಅದನ್ನು ಬದಲಿಸಿತು. ಈ ಪದ್ಧತಿಗೆ ರೊಡಿಜಿಯೊ ಎನ್ನುತ್ತಾರೆ, ಅಂದರೆ ಸರದಿ, ಸುತ್ತು. ಇದೇ ಪದ್ಧತಿಗೆ ‘ಓಡುವ ಸಲಾಕಿ’ ಎನ್ನುವ ಇನ್ನೊಂದು ಹೆಸರೂ ಅಲ್ಲಿದೆ. ಇದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಬೆಳೆದದ್ದು. ಅಲ್ಲಿನವರು ಹೇಳುವ ಒಂದು ಕಥೆ ಹೀಗಿದೆ. ಒಂದು ಹಬ್ಬದ ದಿನ ಗಿರಾಕಿಗಳು ಕಿಕ್ಕಿರಿದಿದ್ದರು. ಬಡಿಸುವವನು ಗಡಿಬಿಡಿಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟ. ಜಗಳ ಶುರುವಾಯಿತು. ಆಗ ಮಾಲಕ, ಎಲ್ಲ ಸಲಾಕಿಗಳನ್ನೂ ಎಲ್ಲ ಟೇಬಲ್ಲಿಗೂ ಒಯ್ಯಿ, ಯಾರಿಗೆ ಯಾವುದು ಬೇಕೋ ಅದನ್ನು ಕೊಯ್ದು ಕೊಡು ಎಂದನಂತೆ. ಕಥೆ ನಿಜವೋ ಸುಳ್ಳೋ, ಹೆದ್ದಾರಿಯ ಧಾಬಾ ನಡೆಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಸೊಲ್ಲಾಪುರ–ಹೈದರಾಬಾದ್ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ಲಾರಿ, ಎರಡು ಬಸ್ಸು ಒಟ್ಟಿಗೆ ನಿಂತರೆ ಏನಾಗುತ್ತದೆ ಎಂಬುದು ಉಮರಗಾದವರಿಗೆ ಗೊತ್ತು.

ಈ ಪದ್ಧತಿ ಜಗತ್ತಿಗೆ ಹರಡಿದ್ದು ಕೆಲವು ಕಂಪನಿಗಳಿಂದ. ಅವುಗಳಲ್ಲಿ ಫೋಗೊ ದೆ ಚಾವ್ ಎಂಬುದು ದೊಡ್ಡ ಹೆಸರು. ಅದರ ಅರ್ಥ ನೆಲದ ಬೆಂಕಿ. 1979ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಪಟ್ಟಣದಲ್ಲಿ ಶುರುವಾಗಿ 1997ರಲ್ಲಿ ಅಮೆರಿಕದ ಡಲ್ಲಾಸ್ ಹತ್ತಿರ ತನ್ನ ಮೊದಲ ವಿದೇಶಿ ಹೋಟೆಲು ತೆರೆಯಿತು. ಡಲ್ಲಾಸ್ ಸುತ್ತಮುತ್ತ ಇರುವ ಸಾಫ್ಟ್‌ವೇರ್ ಕನ್ನಡಿಗರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಕೆಂಪು ಚಕ್ರ, ಹಸಿರು ಚಕ್ರ

ಒಳಗೆ ಹೋದವರಿಗೆ ಮೊದಲು ಕಾಣುವುದು ಸಲಾಡ್, ಪಲ್ಯ, ಹಣ್ಣು, ಚೀಸ್, ಅನ್ನ, ಕರಿ ಹುರುಳಿಯಂಥ ಕಾಳಿನ ಸಾರು ಇಟ್ಟಿರುವ ದೊಡ್ಡ ಮೇಜು. ಅಲ್ಲಿ ತಾವೇ ಹೋಗಿ ಬಡಿಸಿಕೊಳ್ಳಬೇಕು. ಟೇಬಲ್ಲಿನ ಮೇಲೆ ಪ್ರತಿಯೊಬ್ಬರ ಮುಂದೆ ಒಂದು ದುಂಡು ರಟ್ಟು ಇರುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಹಸಿರು ಮೇಲೆ ಮಾಡಿ ಇಟ್ಟರೆ ‘ತನ್ನಿ’ ಎಂದರ್ಥ. ಆಗ ಉದ್ದನೆಯ ಸಲಾಕಿ, ಹರಿತ ಚೂರಿ ಹಿಡಿದ ಬಡಿಸುವವರು ಒಬ್ಬರ ಹಿಂದೆ ಒಬ್ಬರು ಬಂದು, ಇದು ಕೋಳಿ, ಇದು ಕುರಿ, ಇದು ಹಂದಿ, ಇದು ದನದ ಸೊಂಟದ ಭಾಗ ಎಂದು ಹೇಳಿ ತೆಳುವಾಗಿ ಕೊಯ್ಯುತ್ತಾರೆ. ಗಿರಾಕಿ ಚಿಕ್ಕ ಚಿಮಟದಿಂದ ಆ ಹೋಳನ್ನು ಹಿಡಿದುಕೊಳ್ಳಬೇಕು. ಸಾಕಾಯಿತೆಂದರೆ ರಟ್ಟನ್ನು ಕೆಂಪಿಗೆ ತಿರುವಿದರಾಯಿತು, ಯಾರೂ ಬರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಸಿರು ಮಾಡಿಕೊಳ್ಳಬಹುದು.

ಪಂಗತಿಯ ಊಟದಲ್ಲಿ ಬೆಳೆದವರಿಗೆ ಈ ರಟ್ಟಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಬುಟ್ಟಿ ಹಿಡಿದವನು ಹತ್ತಿರ ಬರುತ್ತಲೇ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದೇ ಕೆಂಪು ರಟ್ಟು. ವ್ಯತ್ಯಾಸ ಒಂದೇ. ಬ್ರೆಜಿಲ್‌ನಲ್ಲಿ ರಟ್ಟು ಕೆಂಪಾದರೆ ಬಡಿಸುವವನು ಸುಮ್ಮನೆ ಮುಂದೆ ಹೋಗುತ್ತಾನೆ. ಇಲ್ಲಿ ಬೀಗರು ಕೈ ಸರಿಸಿ, ‘ಒಂದರೇ ಹಾಕ್ಸ್ಕೋರಿ’ ಎಂದು ಆಗ್ರಹ ಮಾಡಿ ಹಾಕಿಯೇ ಹೋಗುತ್ತಾರೆ.

ಈ ಊಟದಲ್ಲಿ ಎಲ್ಲರೂ ಕಾಯುವ ತುಂಡಿಗೆ ಪಿಕಾನ್ಯಾ ಎಂದು ಹೆಸರು. ದನದ ಸೊಂಟದ ಹಿಂಭಾಗದ, ಮೇಲೆ ಕೊಬ್ಬಿನ ಪದರವಿರುವ ಮಾಂಸ ಅದು. ಅರ್ಧಚಂದ್ರದಂತೆ ಬಾಗಿಸಿ ಸಲಾಕಿಗೆ ಚುಚ್ಚಿರುತ್ತಾರೆ. ಇನ್ನೊಂದು ವಿಶೇಷದ ಹೆಸರು ಕುಪಿಂ. ಅದು ದನದ ಹಿಣಿಲು, ಮರಾಠಿಯಲ್ಲಿ ವಶಿಂಡ. ಯುರೋಪಿನ ದನಗಳಿಗೆ ಹಿಣಿಲು ಇರುವುದಿಲ್ಲ. ಹಾಗಾದರೆ ಬ್ರೆಜಿಲ್‌ಗೆ ಹಿಣಿಲಿನ ದನ ಎಲ್ಲಿಂದ ಬಂತು?

ದನ ಹೋದದ್ದು ಇಲ್ಲಿಂದಲೇ

ಉತ್ತರ ಸುಲಭ. ಭಾರತದಿಂದ. ಬ್ರೆಜಿಲ್‌ನಲ್ಲಿ ಈಗ 20 ಕೋಟಿಗೂ ಹೆಚ್ಚು ದನಗಳಿವೆ. ದನದ ಮಾಂಸ ರಫ್ತಿನಲ್ಲಿ ಅದು ಜಗತ್ತಿನ ಮುಂಚೂಣಿಯ ದೇಶ. ಅಲ್ಲಿನ ಮಾಂಸದ ದನಗಳಲ್ಲಿ ಬಹುಪಾಲು ನೆಲೋರ್ ಎಂಬ ತಳಿ ಅಥವಾ ಅದರ ಮಿಶ್ರ ತಳಿ. ನೆಲೋರ್ ಎಂದರೆ ಆಂಧ್ರದ ನೆಲ್ಲೂರು. ತಳಿಯ ಇಲ್ಲಿನ ಹೆಸರು ಒಂಗೋಲ್. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಡಗಿನಲ್ಲಿ ಹೋದ ಈ ದನಗಳು ಅಲ್ಲಿನ ಬಿಸಿಲು, ಉಣ್ಣೆ, ಒಣ ಹುಲ್ಲು ಎಲ್ಲವನ್ನೂ ತಡೆದುಕೊಂಡು ಬೆಳೆದವು. ಯುರೋಪಿನ ದನಗಳಿಗೆ ಅದು ಸಾಧ್ಯವಾಗಲಿಲ್ಲ. ಗುಜರಾತಿನ ಗಿರ್ ಮತ್ತು ಕಾಂಕ್ರೇಜ್ ತಳಿಗಳೂ ಹೋದವು. ಕಾಂಕ್ರೇಜ್‌ಗೆ ಅಲ್ಲಿ ಗುಜೆರಾ ಎಂದು ಹೆಸರು. 1960ರ ದಶಕದ ಆರಂಭದಲ್ಲಿ ಇನ್ನೊಂದು ಸುತ್ತು ಹೋರಿಗಳು ಹೋದವು. ಉಬೆರಾಬಾ ಎಂಬ ಪಟ್ಟಣದಲ್ಲಿ ಭಾರತೀಯ ತಳಿಗಳದೇ ದೊಡ್ಡ ಜಾತ್ರೆ ಪ್ರತಿವರ್ಷ ನಡೆಯುತ್ತದೆ.

2023ರಲ್ಲಿ ವಿಯಾತಿನಾ-19 ಎಂಬ ನೆಲೋರ್ ಹಸುವಿನ ಮೂರನೇ ಒಂದು ಪಾಲು ಹರಾಜಾದಾಗ, ಇಡೀ ಹಸುವಿನ ಬೆಲೆ 2.1 ಕೋಟಿ ರಿಯಾಲ್ ಎಂದು ಲೆಕ್ಕವಾಯಿತು. ರೂಪಾಯಿಯಲ್ಲಿ ಅದು 35 ಕೋಟಿ ಆಸುಪಾಸು. ಜಗತ್ತಿನ ಅತಿ ದುಬಾರಿ ಹಸು ಎಂದು ಗಿನ್ನೆಸ್ ದಾಖಲೆಗೂ ಸೇರಿತು. ಅದನ್ನು ಯಾರೂ ಸಲಾಕಿಗೆ ಹಾಕುವುದಿಲ್ಲ. ಅದರ ಬೆಲೆ ಇರುವುದು ಅಂಡಾಣುವಿನಲ್ಲಿ, ಮುಂದಿನ ಪೀಳಿಗೆಯಲ್ಲಿ.

ಈಗ ಈ ಕಡೆ ನೋಡಬೇಕು. ಲಾತೂರ ಜಿಲ್ಲೆಯ ದೇವಣಿ, ಹಿಂದೆ ಉದಗೀರ ತಾಲೂಕಿನಲ್ಲಿದ್ದ ಊರು, ತನ್ನ ಹೆಸರನ್ನು ಒಂದು ತಳಿಗೆ ಕೊಟ್ಟಿದೆ. ಉದಗೀರ, ನಿಲಂಗಾ, ಉಮರಗಾ, ಗಡಿಯಾಚೆ ಬೀದರ ಜಿಲ್ಲೆ, ಇದೆಲ್ಲ ದೇವಣಿ ದನದ ಸೀಮೆ. ಮೈಯೆಲ್ಲ ಬಿಳುಪು ಇದ್ದು ಮುಖ ಮಾತ್ರ ಕಪ್ಪಾದದ್ದು ವಾನೇರಾ, ಬಿಳಿ ಮೈಗೆ ಕಪ್ಪು ಮಚ್ಚೆ ಹರಡಿದ್ದು ಶೇವೇರಾ, ಹೆಚ್ಚಾಗಿ ಬಿಳುಪೇ ಇದ್ದು ಹೊಟ್ಟೆಯ ಕೆಳಗೆ ಕಪ್ಪು ಮಚ್ಚೆ ಇರುವುದು ಬಾಳಂಕ್ಯಾ ಎಂದು ದನ ಬಲ್ಲವರು ದೂರದಿಂದಲೇ ಹೇಳುತ್ತಾರೆ. ಎತ್ತು ದುಡಿಮೆಗೆ, ಆಕಳು ಹಾಲಿಗೆ, ಎರಡಕ್ಕೂ ಆಗುವ ತಳಿ ಇದು. ಇದರ ರಕ್ತದಲ್ಲಿ ಗಿರ್ ತಳಿಯ ಪಾಲೂ ಇದೆ ಎಂದು ತಜ್ಞರ ಅಭಿಪ್ರಾಯ. ಹಾಗೆ ನೋಡಿದರೆ ಬ್ರೆಜಿಲ್‌ನ ಗಿರ್ ದನಕ್ಕೂ ದೇವಣಿಗೂ ದೂರದ ಸಂಬಂಧ ಇದೆ ಎಂದಾಯಿತು.

ಒಂದು ತಳಿ ಸಮುದ್ರ ದಾಟಿ ಕೋಟಿಗಟ್ಟಲೆ ಆಯಿತು, ಇನ್ನೊಂದು ತನ್ನ ಊರಿನಲ್ಲಿಯೇ ಕಡಿಮೆಯಾಗುತ್ತಾ ಬಂತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿ ಕಟ್ಟುವವರು ಕಡಿಮೆಯಾದರು. ಹಾಲಿಗೆಂದು ಜರ್ಸಿ, ಎಚ್‌ಎಫ್ ಮಿಶ್ರ ತಳಿಗಳು ಬಂದವು. ಬರಗಾಲದ ವರ್ಷ ಮೇವಿನ ಬೆಲೆ ಏರಿದಾಗ ಮೊದಲು ಸಂತೆಗೆ ಹೋಗುವುದು ದುಡಿಯದ ದನ. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ತಳಿ ಉಳಿಸುವ ಸರಕಾರಿ ಪ್ರಯತ್ನಗಳೂ ಎರಡೂ ರಾಜ್ಯಗಳಲ್ಲಿ ನಡೆದಿವೆ. ಆದರೆ ರೈತನ ಲೆಕ್ಕದಲ್ಲಿ ಎತ್ತು ತಿನ್ನುವ ಮೇವಿಗೂ ಅದು ಕೊಡುವ ದುಡಿಮೆಗೂ ತಾಳೆ ಬೀಳದಿದ್ದರೆ ತಳಿಯ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಗಿರ್ ಹೋರಿಯ ವೀರ್ಯವನ್ನು ಬ್ರೆಜಿಲ್‌ನಿಂದಲೇ ತಿರುಗಿ ತರಿಸುವ ಮಾತು ಭಾರತದಲ್ಲಿ ನಡೆದದ್ದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ದೇವಣಿಗೆ ಅಂಥ ಎರಡನೇ ಮನೆಯೂ ಇಲ್ಲ. ಇಲ್ಲಿ ಹೋದರೆ ಹೋದಂತೆಯೇ.

ಇಲ್ಲಿ ಪಿಕಾನ್ಯಾ ಸಿಗುತ್ತದೆಯೇ?

ಸಿಗುವುದಿಲ್ಲ. ಗಡಿಯ ಎರಡೂ ಕಡೆ ಕಾನೂನು ಬೇರೆ ಬೇರೆ ಇರುವುದರಿಂದ ಇದನ್ನು ಸ್ವಲ್ಪ ಸ್ಪಷ್ಟವಾಗಿ ಹೇಳಬೇಕು. ಮಹಾರಾಷ್ಟ್ರದಲ್ಲಿ ಗೋವಧೆ 1976ರ ಕಾಯ್ದೆಯಿಂದಲೇ ನಿಷಿದ್ಧ. 2015ರ ಮಾರ್ಚ್‌ನಲ್ಲಿ ತಿದ್ದುಪಡಿ ಜಾರಿಗೆ ಬಂದ ಮೇಲೆ ಹೋರಿ ಮತ್ತು ಎತ್ತುಗಳನ್ನೂ ಕೊಯ್ಯುವಂತಿಲ್ಲ. 2016ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಈ ನಿಷೇಧವನ್ನು ಎತ್ತಿ ಹಿಡಿಯಿತು, ಆದರೆ ಹೊರರಾಜ್ಯದಲ್ಲಿ ಕೊಯ್ದ ಮಾಂಸವನ್ನು ಇಟ್ಟುಕೊಳ್ಳುವುದೇ ಅಪರಾಧ ಎನ್ನುವ ಕಲಮನ್ನು ತೆಗೆದುಹಾಕಿತು. ಮಹಾರಾಷ್ಟ್ರದ ಈ ನಿಷೇಧದಲ್ಲಿ ಎಮ್ಮೆ, ಕೋಣ ಸೇರಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು ಇವುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣಗಳೂ ಸೇರುತ್ತವೆ. ಸಂತೆಗೆ ದನ ಹೊಡೆದುಕೊಂಡು ಗಡಿ ದಾಟುವವರು ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ಮುದಿ ಎತ್ತನ್ನು ಏನು ಮಾಡಬೇಕೆಂಬ ರೈತನ ಕಷ್ಟ ಒಂದು ಕಡೆ, ಕಾನೂನನ್ನು ಬೆಂಬಲಿಸುವವರ ಶ್ರದ್ಧೆ ಇನ್ನೊಂದು ಕಡೆ, ಈ ಜಗ್ಗಾಟ ಹತ್ತು ವರ್ಷ ದಾಟಿದರೂ ಮುಗಿದಿಲ್ಲ.

ಹಾಗಾಗಿ ಭಾರತದಲ್ಲಿ ‘ಬ್ರೆಜಿಲ್ ಮಾದರಿ’ ಎಂದು ಬಂದದ್ದು ಬೇರೆ ವೇಷದಲ್ಲಿ. ಕೆಲವು ಮಹಾನಗರಗಳ ಪಂಚತಾರಾ ಹೋಟೆಲುಗಳು ಕೋಳಿ, ಕುರಿ, ಮೀನು ಇಟ್ಟುಕೊಂಡು ಸಲಾಕಿಯ ಊಟ ಮಾಡಿದವು. ಸಾಮಾನ್ಯ ಜನರಿಗೆ ಇದನ್ನು ಮುಟ್ಟಿಸಿದ್ದು ಬಾರ್ಬೆಕ್ಯೂ ನೇಷನ್. 2006ರಲ್ಲಿ ಮುಂಬೈನ ಪಾಲಿ ಹಿಲ್‌ನಲ್ಲಿ ಸಯಾಜಿ ಹೋಟೆಲ್ಸ್‌ನವರು ಇದನ್ನು ಶುರು ಮಾಡಿದರು. ಮುಂದೆ ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿ ನೆಲೆಯಾಯಿತು, 2021ರಲ್ಲಿ ಶೇರು ಮಾರುಕಟ್ಟೆಗೂ ಬಂತು. ಇಲ್ಲಿ ಸಲಾಕಿ ಹಿಡಿದವನು ತಿರುಗುವುದಕ್ಕಿಂತ ಟೇಬಲ್ಲಿನ ನಡುವೆಯೇ ಕೆಂಡದ ಶೇಗಡಿ ಇಟ್ಟುಬಿಡುತ್ತಾರೆ. ಕೋಳಿ, ಮೀನು, ಸೀಗಡಿ, ಕುರಿಯ ಕಬಾಬ್, ಸಸ್ಯಾಹಾರಿಗಳಿಗೆ ಪನೀರ್, ಅಣಬೆ, ಅನಾನಸ್ ಸಲಾಕಿಗಳು ಬರುತ್ತವೆ. ಹಸಿರು–ಕೆಂಪು ರಟ್ಟಿನ ಬದಲು ಟೇಬಲ್ ಮೇಲೆ ಒಂದು ಚಿಕ್ಕ ಬಾವುಟ. ಬಾವುಟ ನಿಂತಿರುವ ತನಕ ಸಲಾಕಿ ಬರುತ್ತಲೇ ಇರುತ್ತದೆ, ಮಲಗಿಸಿದರೆ ನಿಲ್ಲುತ್ತದೆ. ಆಮೇಲೆ ಬಿರಿಯಾನಿ, ಸಾರು, ಸಿಹಿ ಇರುವ ಬಫೆ. ನಂತರ ಇದೇ ದಾರಿಯಲ್ಲಿ ಹೈದರಾಬಾದಿನ ಅಬ್ಸಲ್ಯೂಟ್ ಬಾರ್ಬೆಕ್ಯೂಸ್ ಮುಂತಾದ ಬೇರೆ ಹೆಸರುಗಳೂ ಬಂದವು.

ಮಾಲಕನಿಗೆ ಏನು ಉಳಿಯುತ್ತದೆ?

ಹಿರಿಯರ ಪ್ರಶ್ನೆಗೆ ಈಗ ಬರೋಣ. ಲೆಕ್ಕ ಹಿಡಿಯಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ಹತ್ತು ಜನರ ಒಂದು ಕುಟುಂಬ ಬಂದಿತು, ತಲೆಗೆ 900 ರೂಪಾಯಿ, ಒಟ್ಟು 9,000. ಅವರಲ್ಲಿ ಇಬ್ಬರು ಹುಡುಗರು ಬೆಳಗ್ಗಿನಿಂದ ಉಪವಾಸವಿದ್ದು ಬಂದು ತಲಾ 800 ರೂಪಾಯಿಯ ಸಾಮಾನು ತಿಂದರು ಎಂದಿಟ್ಟುಕೊಳ್ಳೋಣ: 1,600. ಐದು ಜನ ಎಲ್ಲರಂತೆ ತಲಾ 350ರ ಊಟ ಮಾಡಿದರು: 1,750. ಅಜ್ಜಿ, ಸೊಸೆ, ಶಾಲೆಗೆ ಹೋಗುವ ಮಗಳು, ಈ ಮೂವರಿಗೆ ತಲಾ 150ರದ್ದೂ ಹೆಚ್ಚಾಯಿತು: 450. ಒಟ್ಟು 3,800. ಉಳಿದ 5,200ರಲ್ಲಿ ಬಾಡಿಗೆ, ಪಗಾರ, ಗ್ಯಾಸು, ಇದ್ದಿಲು, ಕರೆಂಟು ಕಳೆದು ಲಾಭ. ಅಂದರೆ ಉಪವಾಸವಿದ್ದು ಬಂದ ಇಬ್ಬರು ಮಾಲಕನನ್ನು ಸೋಲಿಸಲಿಲ್ಲ. ಅವರು ತಿಂದದ್ದನ್ನು ಅಜ್ಜಿ ತುಂಬಿಕೊಟ್ಟಳು. ಹೊಟ್ಟೆ ತುಂಬ ಊಟದ ಹೋಟೆಲು ನಡೆಯುವುದು ಹೊಟ್ಟೆಬಾಕರಿಂದಲ್ಲ, ಕಡಿಮೆ ತಿನ್ನುವವರಿಂದ.

ಇದರ ಮೇಲೆ ಬಡಿಸುವ ಕ್ರಮವೂ ಒಂದು ಯುಕ್ತಿ. ಬ್ರೆಜಿಲ್‌ನ ಹೋಟೆಲಿನಲ್ಲಿ ಕುಳಿತ ಕೂಡಲೇ ಬಿಸಿ ಬಿಸಿ ಚೀಸ್ ಉಂಡೆ ಬರುತ್ತದೆ. ಮರಗೆಣಸಿನ ಪಿಷ್ಟದಿಂದ ಮಾಡಿದ್ದು, ರುಚಿ ಬಹಳ, ಎರಡು ತಿಂದರೆ ಅರ್ಧ ಹೊಟ್ಟೆ ತುಂಬುತ್ತದೆ. ಆಮೇಲೆ ಮೊದಲು ಸುತ್ತುವುದು ಸಾಸೇಜು, ಕೋಳಿ ಕಾಲು, ಕೋಳಿ ಹೃದಯದಂಥ ಅಗ್ಗದ ಸಲಾಕಿಗಳು. ಪಿಕಾನ್ಯಾ ನಿಧಾನಕ್ಕೆ ಬರುತ್ತದೆ. ಇಲ್ಲಿನ ಹೋಟೆಲುಗಳಲ್ಲಿಯೂ ಆಲೂಗಡ್ಡೆ, ಜೋಳದ ಕಾಳು, ಕರಿದ ತಿಂಡಿ ಓಡೋಡಿ ಬರುತ್ತವೆ, ಸೀಗಡಿ ಮತ್ತು ಕುರಿ ಮಾಂಸ ಕೇಳಿದರೆ ಮಾತ್ರ. ಕುರಿ–ಆಡಿನ ಮಾಂಸದ ಬೆಲೆ ಕೋಳಿಗಿಂತ ಎಷ್ಟು ಹೆಚ್ಚು ಎಂಬುದು ಸಂತೆಗೆ ಹೋಗುವವರಿಗೆ ಹೇಳಬೇಕಾಗಿಲ್ಲ. ತಂಪು ಪಾನೀಯ, ನೀರಿನ ಬಾಟಲಿಗೆ ಬೇರೆ ದುಡ್ಡು. ತಿನ್ನುತ್ತಾ ಕೂಡಲು ಎರಡು ಗಂಟೆಯ ಆಸುಪಾಸು ಹೊತ್ತು ಕೊಡುತ್ತಾರೆ. ಹೊಟ್ಟೆ ತುಂಬಿತು ಎನ್ನುವ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಮೊದಲ ಇಪ್ಪತ್ತು ನಿಮಿಷ ಆಲೂಗಡ್ಡೆಯಲ್ಲಿ ಕಳೆದವರಿಗೆ ಸೀಗಡಿಯ ಹೊತ್ತಿಗೆ ಹಸಿವು ಹೋಗಿರುತ್ತದೆ.

ಇನ್ನೊಂದು ಉಳಿತಾಯ ಕಣ್ಣಿಗೆ ಕಾಣದ್ದು. ಇಂದು ಎಷ್ಟು ಜನ ಬರುತ್ತಾರೆ ಎಂದು ಗೊತ್ತಿದ್ದರೆ ಎಷ್ಟು ಅಡಿಗೆ ಎಂದೂ ಗೊತ್ತು. ಒಬ್ಬೊಬ್ಬರಿಗೆ ಒಂದೊಂದು ಬಗೆ ಮಾಡಿಕೊಡುವ ಹೋಟೆಲಿಗಿಂತ ಅಡಿಗೆಯವರು ಕಡಿಮೆ ಸಾಕು, ಸಾಮಾನು ಸಗಟಾಗಿ ಬರುತ್ತದೆ. ಮದುವೆ ಅಡಿಗೆಯವರ ಲೆಕ್ಕವೇ ಇದು.

ಬ್ರೆಜಿಲ್‌ನ ಊಟ ಮೊದಲೇ ಮುರುಮಕ್ಕೆ ಬಂದಿದೆ

ಪಿಕಾನ್ಯಾ ಬರಲಿಲ್ಲವೆಂದು ಬೇಸರಿಸುವವರಿಗೆ ಒಂದು ಮಾತು. ಆ ಖಂಡದ ಊಟ ನಾಲ್ಕೈದು ನೂರು ವರ್ಷಗಳ ಹಿಂದಿನಿಂದಲೇ ಪೋರ್ಚುಗೀಸರ ಹಡಗಿನಲ್ಲಿ ಬರತೊಡಗಿ ಗಡಿ ಭಾಗದ ಅಡಿಗೆ ಮನೆಯನ್ನು ಸೇರಿಕೊಂಡಿದೆ. ಚೀಸ್ ಉಂಡೆ ಮಾಡುವ ಮರಗೆಣಸಿನಿಂದಲೇ ಸಾಬೂದಾಣಿ ಆಗುವುದು. ಏಕಾದಶಿಯ ಉಪವಾಸಕ್ಕೆ ಖಿಚಡಿ ಮಾಡುವ ಆ ಬೆಳೆಯ ತವರು ದಕ್ಷಿಣ ಅಮೆರಿಕ. ಅದರೊಳಗೆ ಹಾಕುವ ಶೇಂಗಾ, ಹಸಿ ಮೆಣಸಿನಕಾಯಿ, ಆಲೂಗಡ್ಡೆ, ಇವೂ ಆ ಖಂಡದವೇ. ಅಂದರೆ ಉಪವಾಸದ ದಿನ ದಕ್ಷಿಣ ಅಮೆರಿಕದ ಊಟ, ಉಳಿದ ದಿನ ಜೋಳದ ರೊಟ್ಟಿ! ಕಾಜು ಎಂಬ ಹೆಸರೇ ಬ್ರೆಜಿಲ್‌ನ ಮೂಲನಿವಾಸಿಗಳ ಮಾತು. ಆ ಚೀಸ್ ಉಂಡೆಯ ಹೆಸರು ‘ಪಾವ್’ ಎಂದು ಶುರುವಾಗುತ್ತದೆ, ವಡಾ ಪಾವಿನ ಪಾವ್ ಅದೇ ಪೋರ್ಚುಗೀಸ್ ಪದ.

ಮಿತಿ ಇಲ್ಲದ ಮಾಂಸದೂಟ ಬೇಕೆಂದರೂ ಅದಕ್ಕೆ ಮರಾಠವಾಡದಲ್ಲಿ ಕಂದೂರಿ ಇದೆ. ಹರಕೆ ಹೊತ್ತವರು ದರ್ಗಾದ ಹತ್ತಿರ ಆಡು ಕೊಯ್ದು, ಊರ ಜನರನ್ನು ಕರೆದು ಉಣಿಸುವ ಪದ್ಧತಿ. ಇಲ್ಲಿ ಜಾತಿ ಧರ್ಮದ ಲೆಕ್ಕ ಕಡಿಮೆ, ಬಿಲ್ಲು ಮೊದಲೇ ಇಲ್ಲ. ಆ ಆಡು ಹೆಚ್ಚಾಗಿ ಉಸ್ಮಾನಾಬಾದಿ ತಳಿಯದ್ದು. ಜಿಲ್ಲೆಯ ಹೆಸರು 2023ರಲ್ಲಿ ಧಾರಾಶಿವ ಎಂದು ಬದಲಾದರೂ ಆಡಿನ ಹೆಸರು ಉಸ್ಮಾನಾಬಾದಿ ಎಂದೇ ಉಳಿದಿದೆ. ಕಪ್ಪು ಮೈ, ಹೆಚ್ಚಾಗಿ ಅವಳಿ ಮರಿ, ಬರಗಾಲದಲ್ಲೂ ಜಾಲಿ ಸೊಪ್ಪು ತಿಂದು ಬದುಕುವ ಈ ಆಡು ಭೂಮಿ ಇಲ್ಲದವರ ಮನೆಯ ಬ್ಯಾಂಕು. ದೇವಣಿ ಎತ್ತಿಗೆ ಬಂದ ಕಷ್ಟ ಇದಕ್ಕೆ ಬರಲಿಲ್ಲ, ಏಕೆಂದರೆ ಇದರ ಮಾಂಸಕ್ಕೆ ಪೇಟೆ ಇದೆ. ತಿನ್ನುವವರು ಇರುವುದರಿಂದಲೇ ಒಂದು ತಳಿ ಉಳಿಯುತ್ತದೆ ಎನ್ನುವುದು ವಿಚಿತ್ರವಾದರೂ ನಿಜ.

ಸಸ್ಯಾಹಾರಿಗಳಿಗೆ ಎಳ್ಳ ಅಮಾವಾಸ್ಯೆಯೇ ಇದೆ. ಮರಾಠಿಯವರು ಯೇಳವಸ ಎಂದು ಕರೆಯುವ ಈ ಹಬ್ಬದ ದಿನ ಹೊಲದಲ್ಲಿ ಕಣಿಕೆಯ ಕೊಪ್ಪೆ ಕಟ್ಟಿ ಪೂಜೆ ಮಾಡಿ, ಹಸಿ ಕಾಳು, ಸೊಪ್ಪು ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಇಟ್ಟುಕೊಂಡು ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಒಂದು ಹೊಲದಲ್ಲಿ ಉಂಡವನನ್ನು ಬದುವಿನ ಆಚೆಯವರು ಮತ್ತೆ ಕರೆಯುತ್ತಾರೆ. ಸುತ್ತುವುದು ಇಲ್ಲಿ ಸಲಾಕಿಯಲ್ಲ, ಉಣ್ಣುವವನು.

ಹೋಗುವವರು ತಿಳಿದಿರಬೇಕಾದದ್ದು

ಮಗ ಅಥವಾ ಮಗಳು ನಗರಕ್ಕೆ ಕರೆಸಿಕೊಂಡು ಇಂಥ ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಕೆಲವು ವಿಷಯ ಗೊತ್ತಿದ್ದರೆ ಅನುಕೂಲ. ದರ ದಿನಕ್ಕೊಂದು ಹೊತ್ತಿಗೊಂದು ಇರುತ್ತದೆ. ಸೋಮವಾರದಿಂದ ಗುರುವಾರದ ಮಧ್ಯಾಹ್ನ ಸಾಮಾನ್ಯವಾಗಿ ಅಗ್ಗ, ಶನಿವಾರ–ಭಾನುವಾರದ ರಾತ್ರಿ ದುಬಾರಿ. ಸಸ್ಯಾಹಾರದ ದರ ಬೇರೆ, ಮಕ್ಕಳ ದರ ಬೇರೆ. ಫೋನ್ ಮಾಡಿ ಕೇಳಿಕೊಂಡು ಹೋಗುವುದು ಉತ್ತಮ. ಅಮೆರಿಕ, ದುಬೈನಲ್ಲಿ ಮಕ್ಕಳ ಮನೆಗೆ ಹೋದ ಸಸ್ಯಾಹಾರಿ ತಂದೆ ತಾಯಿ ಬ್ರೆಜಿಲ್ ಹೋಟೆಲಿಗೆ ಹೋಗಬೇಕಾಗಿ ಬಂದರೆ, ಅನೇಕ ಕಡೆ ಸಲಾಡ್ ಮೇಜಿಗೆ ಮಾತ್ರ ಕಡಿಮೆ ದರ ಇರುತ್ತದೆ. ಕೇಳಬೇಕು, ಅವರಾಗಿ ಹೇಳುವುದಿಲ್ಲ. ಕಾಳಿನ ಸಾರು ಎಂದು ಬಡಿಸಿಕೊಳ್ಳುವ ಮುಂಚೆಯೂ ಕೇಳಬೇಕು, ಬ್ರೆಜಿಲ್‌ನ ಕರಿ ಕಾಳಿನ ಫೆಜುವಾದಾದಲ್ಲಿ ಹಂದಿ ಮಾಂಸದ ತುಂಡುಗಳಿರುತ್ತವೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಾಲಿನ ಹೆಬ್ಬೆರಳು ಬಾಯುವ ಯೂರಿಕ್ ಆಸಿಡ್ ತೊಂದರೆ ಇದ್ದವರು ದುಡ್ಡು ಕೊಟ್ಟಿದ್ದೇವೆಂದು ಸ್ಪರ್ಧೆಗೆ ಬೀಳಬಾರದು. ಕೊಟ್ಟ ದುಡ್ಡು ಬಾಗಿಲಲ್ಲೇ ಹೋಯಿತು, ಹೆಚ್ಚು ತಿಂದರೆ ಅದು ತಿರುಗಿ ಬರುವುದಿಲ್ಲ, ಡಾಕ್ಟರ ಫೀಸು ಮಾತ್ರ ಕೂಡಿಕೊಳ್ಳುತ್ತದೆ. ಸಾಸೇಜಿನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ವರ್ಷಕ್ಕೊಮ್ಮೆ ಹೋಗುವವರಿಗೆ ಅದರ ಭಯ ಬೇಡ.

ತಾಟಿನಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಲು ಇಂಥ ಹೋಟೆಲುಗಳಲ್ಲಿ ಬಿಡುವುದಿಲ್ಲ. ಬಿಟ್ಟ ಅನ್ನಕ್ಕೆ ದಂಡ ಹಾಕುವ ಹೋಟೆಲುಗಳೂ ಇವೆ. ಅದು ಗೋಡೆಯ ಮೇಲೆ ಬರೆದಿರುತ್ತದೆ. ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಂತವರಿಗೆ ಆ ದಂಡ ಹೆಚ್ಚೆನಿಸಲಿಕ್ಕಿಲ್ಲ. ಎರಡು ಸಲಾಕಿ ಒಟ್ಟಿಗೆ ಹಾಕಿಸಿಕೊಳ್ಳುವ ಬದಲು ಒಂದು ಮುಗಿಸಿ ಇನ್ನೊಂದು ಹಾಕಿಸಿಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ.

ಕೊನೆಗೆ ಬಿಲ್ಲು. ಬೋರ್ಡಿನ ದರದ ಮೇಲೆ ಜಿಎಸ್‌ಟಿ ಸೇರುತ್ತದೆ. ಸಾಮಾನ್ಯ ರೆಸ್ಟೋರೆಂಟಿಗೆ ಅದು ಶೇ. 5, ಮೇಲಿನ ಉದಾಹರಣೆಯ 9,000 ರೂಪಾಯಿಗೆ 450. ದುಬಾರಿ ರೂಮುಗಳಿರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿಗೆ ಶೇ. 18. ‘ಸರ್ವಿಸ್ ಚಾರ್ಜ್’ ಎಂದು ಬೇರೆ ಸಾಲು ಇದ್ದರೆ ಅದು ಸರಕಾರದ ತೆರಿಗೆಯಲ್ಲ. ಅದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ತೆಗೆಯಿರಿ ಎಂದರೂ ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲೂ ಅಲ್ಲಿ ದೂರು ಹೇಳಲು ಬರುತ್ತದೆ.